ಸಿಗಡಿಯ ದರ ಏರಿತೋ, ಇಳಿಯಿತೋ?

ಸಿಗಡಿಯೂ ಸೇರಿದ ಮೀನು ರಫ್ತಿನ ವಾರ್ಷಿಕ ಅಂಕಿಅಂಶಗಳು ಹೊರಬಿದ್ದಾಗಲೆಲ್ಲ ಸುದ್ದಿಯಾಗುವುದು ಒಟ್ಟು ಮೊತ್ತ. ಕಿಲೋ ಒಂದಕ್ಕೆ ಸಿಕ್ಕಿದ್ದೆಷ್ಟು ಎಂಬುದು ತಿಳಿಯಬೇಕಾದರೆ ಆ ಮೊತ್ತವನ್ನು ತೂಕದಿಂದ ಭಾಗಿಸಬೇಕು. 2022-23ರಲ್ಲಿ ಭಾರತದ ಸುಮಾರು 17.35 ಲಕ್ಷ ಟನ್ ಮೀನು ಉತ್ಪನ್ನಗಳಿಗೆ 63,969 ಕೋಟಿ ರೂಪಾಯಿ ಬಂದಿತ್ತು, 2024-25ರಲ್ಲಿ 16.98 ಲಕ್ಷ ಟನ್ನಿಗೆ 62,408 ಕೋಟಿ. ಎರಡೂ ವರ್ಷ ಕಿಲೋಗೆ 368 ರೂಪಾಯಿಯ ಆಸುಪಾಸು, ಅಂದರೆ ದರ ಕದಲಿಲ್ಲ. ಅದೇ ಲೆಕ್ಕವನ್ನು ಡಾಲರಿನಲ್ಲಿ ಮಾಡಿದರೆ 4.66 ಇದ್ದದ್ದು 4.39ಕ್ಕೆ, ಸುಮಾರು ಶೇಕಡಾ 6ರಷ್ಟು, ಇಳಿದಿದೆ. ಈ ಅವಧಿಯಲ್ಲಿ ಡಾಲರು 79 ರೂಪಾಯಿಯಿಂದ 84ರ ಹತ್ತಿರಕ್ಕೆ ಬಂದದ್ದರಿಂದಲೇ ಆ ಇಳಿಕೆ ನಮ್ಮ ಕಣ್ಣಿಗೆ ಬೀಳಲಿಲ್ಲ. ಎರಡು ವರ್ಷದ ಹಣದುಬ್ಬರವನ್ನೂ ಕಳೆದರೆ ರೂಪಾಯಿ ಲೆಕ್ಕದಲ್ಲೂ ನಷ್ಟವೇ.

ಆದರೆ ಹೀಗೆ ಭಾಗಿಸಿ ಪಡೆದ ಸರಾಸರಿಯನ್ನು ಬೆಲೆ ಎಂದೇ ನಂಬುವುದೂ ಅಪಾಯ. ಗೋವಾ, ಕಾರವಾರಗಳ ಕಡೆಯಿಂದ ಬೆಳಗಾವಿಯ ಮಾರುಕಟ್ಟೆಗೆ ಮೀನು ತರಿಸುವ ವ್ಯಾಪಾರಿಯೊಬ್ಬರ ಬಳಿ ಬಾಂಗಡಾ ಕಿಲೋಗೆ 200, ಸುರಮಯಿ 800 ರೂಪಾಯಿ ಎಂದಿಟ್ಟುಕೊಳ್ಳೋಣ. ಈ ವಾರ 80 ಕಿಲೋ ಬಾಂಗಡಾ, 20 ಕಿಲೋ ಸುರಮಯಿ ಮಾರಿದರೆ ಸರಾಸರಿ 320 ರೂಪಾಯಿ. ಮುಂದಿನ ವಾರ 60 ಮತ್ತು 40 ಕಿಲೋ ಮಾರಿದರೆ 440. ಯಾವ ಮೀನಿನ ಬೆಲೆಯೂ ಒಂದು ರೂಪಾಯಿ ಏರಿಲ್ಲ, ಬದಲಾದದ್ದು ಬುಟ್ಟಿಯ ಪಾಲು ಮಾತ್ರ. ದೇಶದ ಬುಟ್ಟಿಯಲ್ಲಿ ಸುರಮಯಿಯ ಜಾಗದಲ್ಲಿರುವುದು ಶೈತ್ಯೀಕರಿಸಿದ ಸಿಗಡಿ: ತೂಕದಲ್ಲಿ ಅದು ಅರ್ಧಕ್ಕಿಂತ ಕಡಿಮೆ, ಗಳಿಕೆಯಲ್ಲಿ ಮೂರನೇ ಎರಡು ಪಾಲು.

ಹಾಗಾಗಿ ದೀರ್ಘಾವಧಿಯ ದರವನ್ನು ಅಳೆಯುವವರು ಸಿಗಡಿಯನ್ನು ಪ್ರತ್ಯೇಕಿಸಿ ನೋಡುವುದೇ ಸರಿ. 2009ರಲ್ಲಿ ವನ್ನಾಮಿ ಎಂಬ ತಳಿಯ ಸಿಗಡಿ ಕೃಷಿಗೆ ಅನುಮತಿ ದೊರೆತ ಮೇಲೆ ಆಂಧ್ರದ ಕೊಳಗಳಲ್ಲಿ ಉತ್ಪಾದನೆ ಭರದಿಂದ ಏರಿತು. 2013ರ ಸುಮಾರಿಗೆ ಥಾಯ್ಲೆಂಡಿನ ಸಿಗಡಿಗೆ ರೋಗ ಬಡಿದು ಅಲ್ಲಿನ ಸರಕು ಕುಸಿದಾಗ ಭಾರತದ ಸಿಗಡಿಗೆ ಒಳ್ಳೆಯ ಬೆಲೆ ಸಿಕ್ಕಿತು. ಆ ಬೆಲೆಯ ಆಸೆಗೆ ಇಲ್ಲಿಯೂ ಈಕ್ವೆಡಾರಿನಲ್ಲಿಯೂ ಕೊಳಗಳು ಹೆಚ್ಚಿದವು, ಸರಕು ಹೆಚ್ಚಿದಂತೆ ಬೆಲೆ ತಗ್ಗಿತು. 2022-23ರಲ್ಲಿ ಕಿಲೋಗೆ 7.7 ಡಾಲರ್ ತಂದ ಸಿಗಡಿ ಮರುವರ್ಷ 6.8 ಡಾಲರಿಗೆ ಇಳಿಯಿತು. ತೂಕ ಮಾತ್ರ ತುಸು ಹೆಚ್ಚೇ ಇತ್ತು. ಕೃಷಿ ಸರಕಿನ ಈ ಹಳೆಯ ಚಕ್ರ ಈರುಳ್ಳಿ ಬೆಳೆಯುವ ವಿಜಯಪುರ, ಬಾಗಲಕೋಟೆಯ ಓದುಗರಿಗೆ ವಿವರಿಸಬೇಕಾದುದಲ್ಲ.

ಸಿಗಡಿಯನ್ನು ಬೇರ್ಪಡಿಸಿದರೂ ಲೆಕ್ಕ ಪೂರ್ತಿ ಶುದ್ಧವಾಗುವುದಿಲ್ಲ. ವ್ಯಾಪಾರದಲ್ಲಿ ಸಿಗಡಿಗೆ ದರ ಕಟ್ಟುವುದು ಕೌಂಟಿನ ಮೇಲೆ, ಎಂದರೆ ಕಿಲೋಗೆ ಎಷ್ಟು ಸಿಗಡಿ ಎಂಬುದರ ಮೇಲೆ. 30 ಕೌಂಟಿನ ದಪ್ಪ ಸಿಗಡಿಗಿರುವ ದರ 100 ಕೌಂಟಿನ ಸಣ್ಣ ಸಿಗಡಿಗಿಲ್ಲ. ಕೊಳದಲ್ಲಿ ರೋಗದ ಸುಳಿವು ಸಿಕ್ಕೊಡನೆ ರೈತ ಬೆಳವಣಿಗೆಗೆ ಕಾಯದೆ ಬಲೆ ಹಾಕಿಸುತ್ತಾನೆ. ಅಂಥವರು ಹೆಚ್ಚಿದ ವರ್ಷ ಯಾವ ಕೌಂಟಿನ ದರವೂ ಇಳಿಯದೆ ಸರಾಸರಿ ಮಾತ್ರ ಇಳಿಯಬಹುದು, ಮತ್ತು ವಾರ್ಷಿಕ ಮೊತ್ತದ ಕೋಷ್ಟಕವನ್ನಷ್ಟೇ ನೋಡುವವರು ಅದನ್ನು ವಿದೇಶಿ ಬೇಡಿಕೆಯ ಕುಸಿತವೆಂದೇ ಓದಿಕೊಳ್ಳುತ್ತಾರೆ.