ಬೂಷ್ಟು ತೆಗೆಯಲು ಸರ್ಟಿಫಿಕೇಟ್ ಬೇಕಾ?

ಪ್ರಶ್ನೆ: ನಾನು ಬದಿಯಡ್ಕದವ, ಹನ್ನೆರಡು ವರ್ಷದಿಂದ ಪೈಂಟಿಂಗ್ ಕೆಲಸ. ಮಳೆ ಬಿಟ್ಟ ಕೂಡಲೇ ಬರುವ ಫೋನುಗಳಲ್ಲಿ ಅರ್ಧ ಗೋಡೆಗೆ ಬೂಷ್ಟು ಹಿಡಿದದ್ದರದ್ದೇ. ಶಾರ್ಜಾದಲ್ಲಿರುವ ಭಾವ ‘ಮೋಲ್ಡ್ ರೆಮಿಡಿಯೇಶನ್ ಸರ್ಟಿಫಿಕೇಟ್ ಮಾಡಿಕೊ, ಇಲ್ಲಿ ಕೆಲಸ ಉಂಟು’ ಅಂತಾರೆ. ಆನ್‌ಲೈನಿನಲ್ಲಿ ಎರಡೇ ಗಂಟೆಯಲ್ಲಿ ಕೊಡುವವರೂ ಇದ್ದಾರೆ. ಯಾವುದು ಮಾಡಬೇಕು? ಊರಲ್ಲಿ ಕೆಲಸ ಮಾಡಲೂ ಅದು ಬೇಕಾ?

ಊರಲ್ಲೇ ಇರುವುದಾದರೆ ಬೇಡ. ಬೂಷ್ಟು ತೆಗೆಯುವವರಿಗೆ ಲೈಸನ್ಸ್ ಇರಲೇಬೇಕು ಎನ್ನುವ ಕಾನೂನು ನಮ್ಮ ದೇಶದಲ್ಲಿಲ್ಲ. ಕುಂಬಳೆಯಲ್ಲಾಗಲಿ ಮಂಜೇಶ್ವರದಲ್ಲಾಗಲಿ ಮನೆಯವರು ಕೇಳುವುದು ‘ಮುಂದಿನ ಮಳೆಗಾಲಕ್ಕೆ ಪುನಃ ಬರ್ತದಾ?’ ಅಂತ, ಅಷ್ಟೆ.

ಆದರೆ ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ. ಹೊರದೇಶಗಳಲ್ಲಿ ಇದು ಪೈಂಟಿಂಗಿಗಿಂತ ಬೇರೆಯೇ ಕಸುಬು. ಅಮೆರಿಕದ ಟೆಕ್ಸಾಸ್, ಫ್ಲೋರಿಡಾ, ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳಲ್ಲಿ ಲೈಸನ್ಸೇ ಬೇಕು. ಅಲ್ಲಿ ಬೂಷ್ಟು ಎಷ್ಟು ಹಬ್ಬಿದೆ ಎಂದು ಪರೀಕ್ಷೆ ಮಾಡಿದವರೇ ಅದೇ ಮನೆಯಲ್ಲಿ ಅದನ್ನು ತೆಗೆಯುವ ಗುತ್ತಿಗೆ ಹಿಡಿಯುವ ಹಾಗಿಲ್ಲ. (ಆ ನಿಯಮ ಇಲ್ಲಿಗೆ ಬಂದರೆ ನನ್ನನ್ನೂ ಸೇರಿಸಿ ಎಷ್ಟೋ ಜನರ ಅನ್ನಕ್ಕೆ ಕಲ್ಲು!)

ಕಂಪನಿಗಳ ಬಾಯಲ್ಲಿ ಹೆಚ್ಚಾಗಿ ಕೇಳುವ ಹೆಸರು ಐಐಸಿಆರ್‌ಸಿ. ಕಟ್ಟಡ ಶುಚಿ ಮಾಡುವ, ಸರಿಪಡಿಸುವ ಕಸುಬಿನವರಿಗೆ ಸರ್ಟಿಫಿಕೇಟ್ ಕೊಡುವ, 1972ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಸ್ಥೆ. ಅದರ ಬೂಷ್ಟಿನ ಸರ್ಟಿಫಿಕೇಟಿಗೆ ಎಎಮ್‌ಆರ್‌ಟಿ ಎನ್ನುತ್ತಾರೆ. ನೇರ ಹೋಗಿ ಅದನ್ನು ಮಾಡಲು ಬಿಡುವುದಿಲ್ಲ. ಮೊದಲು ಡಬ್ಲ್ಯುಆರ್‌ಟಿ ಪಾಸಾಗಬೇಕು, ಅಂದರೆ ನೀರು ನುಗ್ಗಿದ ಕಟ್ಟಡವನ್ನು ಒಣಗಿಸುವ ಕೋರ್ಸು. ಅದು ಸಾಧಾರಣ ಮೂರು ದಿನ, ಆಮೇಲಿನದ್ದು ನಾಲ್ಕು ದಿನ. ಎರಡಕ್ಕೂ ಪರೀಕ್ಷೆ ಉಂಟು, ನೂರಕ್ಕೆ 75 ಬರಬೇಕು. ಪರೀಕ್ಷೆಯ ಫೀಸು ಕೋರ್ಸಿನ ಫೀಸಿಗಿಂತ ಬೇರೆ, ಮತ್ತೆ ವರ್ಷ ವರ್ಷ ನವೀಕರಣದ ದುಡ್ಡು. ಪಾಠವೂ ಪರೀಕ್ಷೆಯೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೊರಡಿ.

ನೀರಿನ ಕೋರ್ಸು ಮೊದಲು ಯಾಕೆ ಎನ್ನುವುದು ನನಗೆ ಅರ್ಥವಾದದ್ದು ನೀರ್ಚಾಲಿನ ಹತ್ತಿರದ ಒಂದು ಮನೆಯಲ್ಲಿ. ಮುರಕಲ್ಲಿನ ಗೋಡೆ, ಪಡುವಣ ದಿಕ್ಕಿನ ಕೋಣೆ, ಗೋಡೆಗೆ ಒತ್ತಿ ನಿಲ್ಲಿಸಿದ ಕಬ್ಬಿಣದ ಕಪಾಟು. ಮೂರು ವರ್ಷ ಮೂರು ಸಲ ಅದಕ್ಕೆ ಫಂಗಸ್ ನಿರೋಧಕ ಪೈಂಟ್ ಹೊಡೆದವನು ನಾನೇ. ಪ್ರತಿ ಆಟಿಯ ಮಳೆಯಲ್ಲೂ ಕಪ್ಪು ಚುಕ್ಕೆ ಹಾಜರು. ನಾಲ್ಕನೇ ಸಲ ಕಪಾಟನ್ನು ಪೂರ್ತಿ ಸರಿಸಿ, ಚದರ ಅಡಿಯಷ್ಟು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಬದಿಗೆ ಟೇಪ್ ಅಂಟಿಸಿದೆ. ಎರಡು ದಿನ ಬಿಟ್ಟು ನೋಡಿದರೆ ಹಾಳೆಯ ಒಳಬದಿಯಲ್ಲಿ ಬೆವರು. ಹೊರಬದಿಯಲ್ಲಿ ಬೆವತಿದ್ದರೆ ಕೋಣೆಯ ಗಾಳಿಯ ತೇವ ಎಂದಾಗುತ್ತಿತ್ತು. ಇದು ಗೋಡೆಯೊಳಗಿಂದಲೇ ಬಂದ ನೀರು. ಹೊರಗೆ ಏಣಿ ಹಾಕಿ ನೋಡಿದಾಗ ಸನ್‌ಶೇಡ್ ಗೋಡೆಗೆ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ನಮ್ಮ ಕಾಸರಗೋಡು ಜಿಲ್ಲೆಗೆ ಅಷ್ಟು ಬಿರುಕು ಧಾರಾಳ ಸಾಕು. ಬಿರುಕು ಮುಚ್ಚಿದೆ, ಬಣ್ಣ ಮಾತ್ರ ಜನವರಿ ತನಕ ಮುಟ್ಟಲಿಲ್ಲ. ಆ ಮನೆಯ ಅಜ್ಜಿ ಮೊದಲ ವರ್ಷವೇ ಹೇಳಿದ್ದರು, ‘ಗೋಡೆ ಒಣಗದೆ ಬಣ್ಣ ಬಳಿಯುವುದು ಒದ್ದೆ ತಲೆಗೆ ಮುಂಡಾಸು ಕಟ್ಟಿದ ಹಾಗೆ’ ಅಂತ. ಕೇಳಿದವರು ಯಾರು?

ಈ ಕಸುಬಿಗೆ ಐಐಸಿಆರ್‌ಸಿಯದ್ದೇ ಎಸ್520 ಎಂಬ ಮಾನದಂಡ ಇದೆ, ಮೊದಲು ಬಂದದ್ದು 2003ರಲ್ಲಿ. ಅದು ಹೇಳುವುದೂ ಅಜ್ಜಿಯ ಮಾತನ್ನೇ: ನೀರಿನ ಮೂಲ ನಿಲ್ಲಿಸು, ಬೂಷ್ಟನ್ನು ಔಷಧಿ ಹೊಡೆದು ಕೊಂದು ಅಲ್ಲೇ ಬಿಡಬೇಡ, ಕೆರೆದು ಒರೆಸಿ ಹೊರಗೆ ಹಾಕು. ಸತ್ತ ಬೂಷ್ಟಿನ ಪುಡಿಯೂ ಮೂಗಿಗೆ ಹೋದರೆ ಸೀನು, ಕೆಮ್ಮು ಬರುವುದು ತಪ್ಪುವುದಿಲ್ಲ. ಕೋಣೆಗೆ ಪ್ಲಾಸ್ಟಿಕ್ ಪರದೆ ಕಟ್ಟಿ, ಪುಡಿ ಬೇರೆ ಕೋಣೆಗೆ ಹಾರದ ಹಾಗೆ ಗಾಳಿಯನ್ನು ಸಣ್ಣ ಪುಡಿಯನ್ನೂ ಹಿಡಿಯುವ ಹೆಪಾ ಫಿಲ್ಟರಿನ ಮೂಲಕ ಹೊರಗೆಳೆಯುವುದನ್ನು ಕೋರ್ಸಿನಲ್ಲಿ ಕಲಿಸುತ್ತಾರೆ. ನಾವು ಒಣ ಗೋಡೆಗೆ ಉಪ್ಪುಕಾಗದ ತಿಕ್ಕಿ ಇಡೀ ಮನೆಗೆ ಹರಡುವುದು ಇದಕ್ಕೆ ಸರಿಯಾಗಿ ಉಲ್ಟಾ.

ಇನ್ನೊಂದು. ಗೋಡೆಯಲ್ಲಿ ಬೆಳ್ಳಗೆ ಹೂವಿನ ಹಾಗೆ ಎದ್ದದ್ದೆಲ್ಲ ಬೂಷ್ಟಲ್ಲ. ಒಂದು ತೊಟ್ಟು ನೀರು ಹಾಕಿ ನೋಡಿ, ಕರಗಿದರೆ ಅದು ಗೋಡೆ ಕಾರಿದ ಉಪ್ಪು.

ಸರ್ಟಿಫಿಕೇಟ್ ಇರಲಿ ಬಿಡಲಿ, ಬ್ಲೀಚಿಂಗ್ ಪೌಡರಿನ ನೀರನ್ನೂ ಬಾತ್‌ರೂಮ್ ತೊಳೆಯುವ ಆಸಿಡನ್ನೂ ಒಟ್ಟಿಗೆ ಬಳಸಬೇಡಿ. ಅದರಿಂದ ಕ್ಲೋರಿನ್ ಗ್ಯಾಸ್ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಅಪಾಯ. ಮುಖಕ್ಕೆ ಬೈರಾಸು ಸುತ್ತಿದರೆ ಸಾಲದು, ಕಡಿಮೆಯೆಂದರೆ ಎನ್95 ಮಾಸ್ಕ್ ಬೇಕು.

ಎರಡು ಗಂಟೆಯ ಸರ್ಟಿಫಿಕೇಟಿಗೆ ನಾನಂತೂ ದುಡ್ಡು ಹಾಕುವುದಿಲ್ಲ. ಊರಲ್ಲೇ ನಿಲ್ಲುವುದಾದರೆ ಆ ದುಡ್ಡಿಗೆ ಗೋಡೆಯ ತೇವ ಅಳೆಯುವ ಒಂದು ಮಾಯಿಶ್ಚರ್ ಮೀಟರ್ ತೆಗೆದುಕೊಳ್ಳಿ, ಪೈಂಟ್ ಅಂಗಡಿಯವರ ಹತ್ತಿರ ಕಂಪನಿಯ ವಾಟರ್‌ಪ್ರೂಫಿಂಗ್ ತರಬೇತಿ ಯಾವಾಗ ಉಂಟೆಂದು ವಿಚಾರಿಸಿ. ಗಲ್ಫಿಗೆ ಹೋಗುವ ಯೋಚನೆ ನಿಜವಾಗಿಯೂ ಇದ್ದರೆ ಭಾವನಿಗೆ ಇವತ್ತೇ ಒಂದು ವಾಯ್ಸ್ ಮೆಸೇಜ್ ಹಾಕಿ. ‘ಕೆಲಸ ಉಂಟು’ ಎಂದರೆ ಸಾಲದು, ಕೆಲಸಕ್ಕೆ ಕರೆದ ಕಂಪನಿಯ ಜಾಹೀರಾತಿನ ಫೋಟೊ ಕಳಿಸಲಿ. ಅದರಲ್ಲಿ ಡಬ್ಲ್ಯುಆರ್‌ಟಿ, ಎಎಮ್‌ಆರ್‌ಟಿ ಎಂದು ಅಕ್ಷರದಲ್ಲಿ ಬರೆದಿದ್ದರೆ ಮಾತ್ರ ಫೀಸಿನ ಲೆಕ್ಕ ಹಾಕಲು ಕೂರಿ.