ರಾತ್ರಿ ನಿದ್ದೆಯಲ್ಲಿದ್ದಾಗ ಮಳೆ-ಗಾಳಿಯ ಎಚ್ಚರಿಕೆ ಬಂದರೆ ಗೊತ್ತಾಗೋದು ಹೇಗೆ?

ಓದುಗರ ಪ್ರಶ್ನೆ: ಮಗ ಅಮೆರಿಕದ ಒಕ್ಲಹೋಮದಲ್ಲಿದ್ದಾನೆ. ಅಲ್ಲಿ ರಾತ್ರಿ ಸುಂಟರಗಾಳಿ ಬರುವುದಾದರೆ ಫೋನೇ ಕೂಗಿ ಎಬ್ಬಿಸುತ್ತದಂತೆ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಮನೆ ಹಿಂದೆಯೇ ಎತ್ತರದ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ. ಮಳೆಗಾಲದಲ್ಲಿ ರಾತ್ರಿ ರೆಡ್ ಅಲರ್ಟ್ ಆದರೆ ನಮಗೂ ಹಾಗೆ ಗೊತ್ತಾಗುತ್ತದಾ? ನಾವಿಬ್ಬರೂ ವಯಸ್ಸಾದವರು.

ಗೊತ್ತಾಗಬಹುದು. ಆದರೆ ಅದೊಂದನ್ನೇ ನಂಬಿ ಮಲಗಬೇಡಿ. ಬರೆಯ ಬುಡದಲ್ಲಿ ಮನೆ ಇರುವವರಿಗೆ ರಾತ್ರಿಯ ಎಚ್ಚರಿಕೆ ಕೊನೆಯ ಆಸರೆ ಅಷ್ಟೆ. ಇಲ್ಲೇ ಮಲಗುವುದಾ, ಬೇರೆ ಕಡೆ ಹೋಗುವುದಾ ಅನ್ನೋದು ಸಂಜೆ ಬೆಳಕಿರುವಾಗಲೇ ತೀರ್ಮಾನ ಆಗಿರಬೇಕು.

ಮೊದಲು ನಿಮ್ಮ ಮಗನ ಊರಿನ ವಿಷಯ ಹೇಳುತ್ತೇನೆ, ಆಗ ವ್ಯತ್ಯಾಸ ಸರಿಯಾಗಿ ಗೊತ್ತಾಗುತ್ತದೆ. ಅಲ್ಲಿ ಎರಡು ಹಂತ ಇದೆ. ‘ವಾಚ್’ ಅಂದರೆ ಮುಂದಿನ ಕೆಲವು ಗಂಟೆಗಳಲ್ಲಿ ಸುಂಟರಗಾಳಿ ಏಳುವ ಲಕ್ಷಣ ಇದೆ, ಕಿವಿ ತೆರೆದಿಟ್ಟುಕೊಳ್ಳಿ ಅಂತ. ‘ವಾರ್ನಿಂಗ್’ ಅಂದರೆ ರೇಡಾರಿನಲ್ಲಿ ಕಂಡಿದೆ ಅಥವಾ ಯಾರೋ ಕಣ್ಣಾರೆ ನೋಡಿದ್ದಾರೆ, ಈಗಲೇ ನೆಲಮಾಳಿಗೆಗೆ ಇಳಿಯಿರಿ, ಅದಿಲ್ಲದಿದ್ದರೆ ಕೆಳಗಿನ ಮಹಡಿಯಲ್ಲಿ ಕಿಟಕಿ ಇಲ್ಲದ ಒಳಕೋಣೆಗೆ ಹೋಗಿ ಅಂತ. ವಾರ್ನಿಂಗ್ ಬಂದ ಮೇಲೆ ಕೈಯಲ್ಲಿ ಉಳಿಯುವುದು ಸರಾಸರಿ ಹತ್ತು-ಹದಿಮೂರು ನಿಮಿಷ. ನಿದ್ದೆಯಲ್ಲಿದ್ದವರಿಗೆ ಅದೂ ಸಿಗುವುದಿಲ್ಲ. 1950ರಿಂದ 2005ರವರೆಗಿನ ಲೆಕ್ಕ ನೋಡಿದರೆ ಇಡೀ ಅಮೆರಿಕದ ಸುಂಟರಗಾಳಿಗಳಲ್ಲಿ ರಾತ್ರಿ ಬಂದದ್ದು ಶೇ. 27ರಷ್ಟು, ಆದರೆ ಸತ್ತವರಲ್ಲಿ ಶೇ. 39ರಷ್ಟು ಜನ ಆ ರಾತ್ರಿಯ ಗಾಳಿಗೇ ಸಿಕ್ಕವರು. 2020ರ ಮಾರ್ಚ್ 3ರಂದು ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ಗೆ ಗಾಳಿ ಬಡಿದದ್ದೂ ಮಧ್ಯರಾತ್ರಿ ದಾಟಿದ ಮೇಲೆಯೇ. ಹಾಗಾಗಿ ಅಲ್ಲಿ ಫೋನಿನ ಜೊತೆಗೆ, ಎಚ್ಚರಿಕೆ ಬಂದ ಕೂಡಲೇ ತಾನಾಗಿ ಕೂಗುವ ಬ್ಯಾಟರಿ ರೇಡಿಯೋವನ್ನೂ ಮಂಚದ ಪಕ್ಕ ಇಟ್ಟುಕೊಳ್ಳಿ ಅಂತ ಹೇಳುತ್ತಾರೆ. ಊರಿನ ಸೈರನ್ ಹೊರಗೆ ಓಡಾಡುವವರಿಗಾಗಿ ಇರುವುದು, ಮುಚ್ಚಿದ ಮನೆಯಲ್ಲಿ ಮಲಗಿದವರನ್ನು ಎಬ್ಬಿಸಲು ಅಲ್ಲ. ಮಗನಿಗೆ ಇದನ್ನು ಒಂದು ಮಾತು ಹೇಳಿಬಿಡಿ.

ಇನ್ನು ನಮ್ಮ ಕಾಸರಗೋಡು. ಇಲ್ಲಿ ರಾತ್ರಿ ಹೆದರಬೇಕಾದದ್ದು ಬರೆ ಜರಿಯುವುದಕ್ಕೆ, ತೋಡು (ಹಳ್ಳ) ಉಕ್ಕುವುದಕ್ಕೆ, ಮಾಡಿನ ಮೇಲೆ ಮರ ಬೀಳುವುದಕ್ಕೆ. ಇವು ಹೆಚ್ಚಾಗಿ ದಿನವಿಡೀ, ಎರಡು ದಿನ ಸುರಿದ ಮಳೆಯ ಬಾಲ ಹಿಡಿದುಕೊಂಡೇ ಬರುತ್ತವೆ. ಅಂದರೆ ನಮಗೆ ನಿಮಿಷಗಳಲ್ಲ, ಗಂಟೆಗಳ ಅವಕಾಶ ಇರುತ್ತದೆ. ಅದನ್ನು ಸುಮ್ನೆ ಕಳೆದುಕೊಳ್ಳುವುದೇ ಅಪಾಯ. ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ 2024ರ ಜುಲೈ 30ರಂದು ಗುಡ್ಡ ಇಳಿದು ಬಂದದ್ದು ರಾತ್ರಿ ಒಂದು ಗಂಟೆಯ ನಂತರ. ಅದಕ್ಕೆ ಮೊದಲು 48 ಗಂಟೆಯಲ್ಲಿ ಆ ಭಾಗದಲ್ಲಿ 572 ಮಿ.ಮೀ. ಮಳೆ ಬಿದ್ದಿತ್ತು. ಇನ್ನೂರಕ್ಕೂ ಹೆಚ್ಚು ಜನ ಹೋದರು, ಬಹಳ ಮಂದಿ ಮಲಗಿದ್ದಲ್ಲೇ. ಗುಡ್ಡ ಜರಿಯುವ ಸಾಧ್ಯತೆ ಇರುವ ಕಡೆಯವರು ಹಗಲಲ್ಲೇ ಬೇರೆ ಕಡೆ ಹೋಗಿ ಅಂತ ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಪ್ರತಿ ಮಳೆಗಾಲ ಹೇಳುವುದು ಇದಕ್ಕೇ.

ಹವಾಮಾನ ಇಲಾಖೆಯ ಮಳೆ ಎಚ್ಚರಿಕೆಯ ಬಣ್ಣಗಳ ಅರ್ಥ ಇಷ್ಟು. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಮಳೆ ನಿರೀಕ್ಷೆ ಇದ್ದರೆ ಹಳದಿ, 204.4ರವರೆಗೆ ಕಿತ್ತಳೆ, ಅದಕ್ಕೂ ಜಾಸ್ತಿ ಅಂದರೆ ಕೆಂಪು. ಸಂದೇಶ ಮಲಯಾಳದಲ್ಲಿ ಬಂದರೆ ಓದಲಾಗದ ಹಿರಿಯರು ನಮ್ಮಲ್ಲಿ ತುಂಬಾ ಇದ್ದಾರೆ. ಅವರು ನಾಲ್ಕು ಮಾತು ಕಿವಿಯಲ್ಲಿ ಇಟ್ಟುಕೊಂಡರೆ ಸಾಕು, ಟಿವಿಯಲ್ಲಿ ಕೇಳಿದರೂ ತಿಳಿಯುತ್ತದೆ. ‘ಅತಿಶಕ್ತಮಾಯ ಮಳ’ ಅಂದರೆ ಕಿತ್ತಳೆ, ‘ಅತಿತೀವ್ರ ಮಳ’ ಅಂದರೆ ಕೆಂಪು, ‘ಉರುಳ್‌ಪೊಟ್ಟಲ್’ ಅಂದರೆ ಗುಡ್ಡ ಜರಿತ, ‘ಮಾರಿ ತಾಮಸಿಕ್ಕಣಂ’ ಅಂದರೆ ಮನೆ ಬಿಟ್ಟು ಬೇರೆ ಕಡೆ ಇರಬೇಕು. ಕೊನೆಯದು ಕೇಳಿದರೆ ಯೋಚನೆ ಮಾಡುತ್ತಾ ಕೂರಬೇಡಿ.

ಈಗ ಫೋನಿನ ಮಾತು. ಸೈಲೆಂಟಿನಲ್ಲಿದ್ದರೂ ಫೋನು ಜೋರಾಗಿ ಕೂಗಿ ಪರದೆಯ ಮೇಲೆ ಸಂದೇಶ ತೋರಿಸುವ ವ್ಯವಸ್ಥೆಗೆ ಸೆಲ್ ಬ್ರಾಡ್‌ಕಾಸ್ಟ್ ಅನ್ನುತ್ತಾರೆ. ಕೇರಳದಲ್ಲಿ 2023ರ ಅಕ್ಟೋಬರಿನಲ್ಲಿ ಇದರ ಪರೀಕ್ಷೆ ನಡೆದಾಗ ಒಂದೇ ಹೊತ್ತಿಗೆ ಎಷ್ಟೋ ಫೋನುಗಳು ಕೂಗಿದ್ದು ನೆನಪಿರಬಹುದು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಸೇಫ್ಟಿ ಅಂಡ್ ಎಮರ್ಜೆನ್ಸಿ’ ಅಂತ ಇರುತ್ತದೆ, ಅದರೊಳಗೆ ‘ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್’. ಅಲ್ಲಿ ಎಲ್ಲವೂ ಆನ್ ಇದೆಯಾ ನೋಡಿ. ಸಿಗದಿದ್ದರೆ ಪಕ್ಕದ ಮನೆಯ ಮಕ್ಕಳ ಕೈಗೆ ಕೊಡಿ, ಹುಡುಕಿ ಕೊಡುತ್ತಾರೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್ ಕೂಡ ಹಾಕಿಕೊಳ್ಳಿ. ಮಾಮೂಲಿ ಎಸ್ಸೆಮ್ಮೆಸ್ಸಿನ ಮೇಲೆ ಮಾತ್ರ ಭರವಸೆ ಬೇಡ. ಒಂದು ‘ಟಿಂಗ್’ ಸದ್ದಿಗೆ ಯಾರಿಗೂ ಎಚ್ಚರ ಆಗುವುದಿಲ್ಲ.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕು ಇದೆ. ಸೆಲ್ ಬ್ರಾಡ್‌ಕಾಸ್ಟ್ ಹೋಗುವುದು ಟವರ್ ಲೆಕ್ಕದಲ್ಲಿ, ನಿಮ್ಮ ಸಿಮ್ ಎಲ್ಲಿಯದು ಅಂತ ನೋಡಿ ಅಲ್ಲ. ಪೆರ್ಲ, ಪೈವಳಿಕೆ, ವರ್ಕಾಡಿ ಕಡೆ ಫೋನು ಒಮ್ಮೆ ಈಚೆಯ ಟವರ್ ಹಿಡಿದರೆ ಒಮ್ಮೆ ಆಚೆ ಕರ್ನಾಟಕದ್ದು ಹಿಡಿಯುತ್ತದೆ. ದಕ್ಷಿಣ ಕನ್ನಡಕ್ಕೆ ಬಂದ ಎಚ್ಚರಿಕೆ ನಿಮ್ಮ ಫೋನಿನಲ್ಲಿ ಕಂಡರೆ ‘ಇದು ನಮಗಲ್ಲ’ ಅಂತ ಬಿಟ್ಟುಬಿಡಬೇಡಿ. ಮೋಡಕ್ಕೆ ತಲಪಾಡಿಯ ಚೆಕ್‌ಪೋಸ್ಟ್ ಇಲ್ಲ, ಅಲ್ವಾ?

ಕರೆಂಟು ಹೋದರೆ? ಜೋರು ಮಳೆಯ ದಿನ ಅದು ಹೋಗೇ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯಬಹುದು. ಸಂಜೆ ಐದಕ್ಕೇ ಫೋನು, ಟಾರ್ಚು, ಪವರ್ ಬ್ಯಾಂಕು ಚಾರ್ಜಿಗೆ ಹಾಕಿ. ಟವರ್ ಸಿಗದೆ ವೈಫೈ ಮೂಲಕವೇ ಫೋನು ಮಾತಾಡುವ ಮನೆಯಾದರೆ ಮೋಡೆಮಿಗೂ ಬ್ಯಾಟರಿ ಬೇಕು. ಏರೋಪ್ಲೇನ್ ಮೋಡಿಗೆ ಹಾಕಿ ಮಲಗುವ ಅಭ್ಯಾಸ ಇದ್ದರೆ ಮಳೆಗಾಲದ ಮಟ್ಟಿಗೆ ಬಿಡಿ. ಆ ಮೋಡಿನಲ್ಲಿ ಸೆಲ್ ಬ್ರಾಡ್‌ಕಾಸ್ಟ್ ಎಚ್ಚರಿಕೆ ಒಳಗೆ ಬರುವುದಿಲ್ಲ.

ಶೀಟ್ ಹಾಕಿದ ಮಾಡಿನ ಕೆಳಗೆ ಮಲಗುವವರಿಗೆ ಇದನ್ನು ಒತ್ತಿ ಹೇಳಬೇಕು. ಮಳೆ ರಪರಪ ಹೊಡೆಯುವಾಗ ಪಕ್ಕದಲ್ಲಿದ್ದವರ ಮಾತೇ ಕೇಳುವುದಿಲ್ಲ, ಇನ್ನು ದೂರದ ಸೈರನ್ ಎಲ್ಲಿ ಕೇಳುತ್ತದೆ? ಕೇರಳ ಸರ್ಕಾರ 2025ರ ಜನವರಿಯಲ್ಲಿ ‘ಕವಚಂ’ ಅನ್ನುವ ಸೈರನ್ ವ್ಯವಸ್ಥೆ ಶುರು ಮಾಡಿದೆ, ಒಳ್ಳೆಯ ಕೆಲಸ, ಆದರೆ ಅದು ನಿಮ್ಮ ಕೋಣೆಯವರೆಗೆ ಕೇಳುತ್ತದೆ ಅಂತ ಎಣಿಸಬೇಡಿ. ಫೋನನ್ನು ದಿಂಬಿನಡಿ ಇಡುವ ಬದಲು ತಲೆಯ ಹತ್ತಿರ ಸ್ಟೂಲಿನ ಮೇಲೆ ಒಂದು ಸ್ಟೀಲ್ ತಟ್ಟೆ ಇಟ್ಟು ಅದರಲ್ಲಿಡಿ. ವೈಬ್ರೇಟ್ ಆದಾಗ ತಟ್ಟೆ ಗಡಗಡ ಸದ್ದು ಮಾಡುತ್ತದೆ. ಕಿವಿಯ ಮಶೀನು ತೆಗೆದಿಟ್ಟು ಮಲಗುವವರಿದ್ದರೆ ಅದೂ ಸಾಲದು, ಅವರನ್ನು ಮೈಮುಟ್ಟಿ ಎಬ್ಬಿಸುವ ಒಬ್ಬರು ಬೇಕು.

ಹಾಗಾಗಿ ಯಂತ್ರಕ್ಕಿಂತ ನೆರೆಕರೆಯನ್ನು ನಾನು ಹೆಚ್ಚು ನಂಬುತ್ತೇನೆ. ಕಿತ್ತಳೆ ಅಥವಾ ಕೆಂಪು ಇರುವ ರಾತ್ರಿ ಎದ್ದಿರುವವರು ಯಾರು, ಅವರು ಯಾರ್ಯಾರಿಗೆ ಫೋನು ಮಾಡಬೇಕು, ಫೋನು ಎತ್ತದಿದ್ದರೆ ಯಾರು ಬಂದು ಬಾಗಿಲು ಬಡಿಯಬೇಕು ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ. ಅವರ ನಂಬರು ‘ಡು ನಾಟ್ ಡಿಸ್ಟರ್ಬ್’ ಇದ್ದರೂ ರಿಂಗ್ ಆಗುವಂತೆ ಸೇರಿಸಿಡಿ. ಹವಾಮಾನ ಇಲಾಖೆ ಮೂರು ಗಂಟೆಯ ಮುನ್ಸೂಚನೆಯನ್ನೂ ಕೊಡುತ್ತದೆ, ನೌಕಾಸ್ಟ್ ಅಂತ. ಎದ್ದಿರುವವರು ಹನ್ನೊಂದಕ್ಕೆ, ಎರಡಕ್ಕೆ, ಐದಕ್ಕೆ ಅದನ್ನು ನೋಡಿದರೆ ರಾತ್ರಿ ಇಡೀ ಒಂದು ಕಣ್ಣು ಇಟ್ಟ ಹಾಗೆ ಆಯಿತು.

ನಿಮ್ಮ ಅಂಗಳದ ಮಳೆಯನ್ನು ನೀವೇ ಅಳೆಯಿರಿ. ಜಿಲ್ಲೆಗೆ ಅಂತ ಹೇಳಿದ ಮುನ್ಸೂಚನೆ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಒಂದೇ. ‘ರೆಡ್ ಅಲರ್ಟ್ ಅಂದರು, ಇಲ್ಲಿ ಬಿಸಿಲು ಬಂತು’ ಅನ್ನುವವರಿಗೆ ಪಕ್ಕದ ಪಂಚಾಯತಿನಲ್ಲಿ ಏನಾಯಿತು ಅಂತ ಗೊತ್ತಿರುವುದಿಲ್ಲ. ಅಡಿಕೆ ತೋಟದವರಲ್ಲಿ ಮಳೆಮಾಪಕ ಇಟ್ಟು ದಿನಾ ಬರೆದಿಡುವವರಿದ್ದಾರೆ. ಇಲ್ಲದಿದ್ದರೆ ಮೇಲೆ-ಕೆಳಗೆ ಒಂದೇ ಅಗಲ ಇರುವ ನೇರ ಪಾತ್ರೆ ಸಾಕು, ಮರದಡಿ ಅಲ್ಲದ, ಮಾಡಿನ ನೀರು ಬೀಳದ ಜಾಗದಲ್ಲಿಡಿ. ಬೆಳಗ್ಗಿನಿಂದ ಹತ್ತು ಸೆಂಟಿಮೀಟರ್ ನೀರು ನಿಂತಿದ್ದರೆ ನೂರು ಮಿ.ಮೀ. ಮಳೆ ಆಗಿದೆ ಅಂತಲೇ ಲೆಕ್ಕ. ನಿನ್ನೆಯೂ ಅಷ್ಟೇ ಬಂದು, ಇವತ್ತು ಸಂಜೆಯೂ ಬಿಡದೆ ಸುರಿಯುತ್ತಿದ್ದರೆ ಬಣ್ಣ ಯಾವುದೇ ಇರಲಿ, ಬರೆಯ ಬುಡದ ಮನೆಯಲ್ಲಿ ಆ ರಾತ್ರಿ ಮಲಗಬೇಡಿ.

ಬೆಳಕಿರುವಾಗಲೇ ಕೊಡೆ ಹಿಡಿದು ಮನೆ ಹಿಂದೆ ಒಮ್ಮೆ ನೋಡಿ ಬನ್ನಿ, ಆದರೆ ಬರೆಗೆ ತೀರಾ ಹತ್ತಿರ ಹೋಗಬೇಡಿ. ಬರೆಯ ಮೇಲೆ ಹೊಸ ಬಿರುಕು ಬಿಟ್ಟಿದೆಯಾ, ಮರ ಒಂದು ಕಡೆಗೆ ವಾಲಿದೆಯಾ, ಮೊದಲಿಲ್ಲದ ಕಡೆ ಒರತೆ ಎದ್ದು ಕೆಂಪು ನೀರು ಬರುತ್ತಿದೆಯಾ? ಚೆನ್ನಾಗಿದ್ದ ಬಾಗಿಲು ಏಕಾಏಕಿ ಬಿಗಿಯಾಗಿ ಮುಚ್ಚಲು ಬಾರದೆ ಹೋದರೂ ಸಂಶಯ ಪಡಿ. ಮಳೆ ಸುರಿಯುತ್ತಲೇ ಇದ್ದು ತೋಡಿನ ನೀರು ಇದ್ದಕ್ಕಿದ್ದಂತೆ ಇಳಿದರೆ ಮೇಲೆಲ್ಲೋ ಮಣ್ಣು ಬಿದ್ದು ಕಟ್ಟಿಕೊಂಡಿರಬಹುದು, ಅದು ಒಡೆದರೆ ಒಟ್ಟಿಗೇ ನುಗ್ಗುತ್ತದೆ. ಇವುಗಳಲ್ಲಿ ಒಂದು ಕಂಡರೂ ವಾರ್ಡ್ ಮೆಂಬರಿಗೋ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೋ ತಿಳಿಸಿ ಹೊರಡಿ. ಔಷಧಿ, ಕನ್ನಡಕ, ಆಧಾರ್, ರೇಷನ್ ಕಾರ್ಡು, ಒಂದು ಜೊತೆ ಬಟ್ಟೆ ಒಂದೇ ಚೀಲದಲ್ಲಿ ಮೊದಲೇ ಇರಲಿ. ಹಟ್ಟಿಯಲ್ಲಿ ದನ ಇದ್ದರೆ ಹಗ್ಗ ಬಿಚ್ಚಿಯೇ ಹೋಗಿ.

ಹೋಗಲು ಮನಸ್ಸಾಗದಿದ್ದರೆ, ಅಥವಾ ರಾತ್ರಿಯೇ ಮಳೆ ಏರಿದರೆ? ಬರೆಯ ಕಡೆಗಿರುವ ಕೋಣೆಯಲ್ಲಿ ಮಲಗಬೇಡಿ, ಎದುರಿನ ಭಾಗಕ್ಕೆ ಬನ್ನಿ. ಗಾಳಿ ಜೋರಿದ್ದರೆ ತೆಂಗಿನಮರ ಬಾಗಿದ ಕಡೆಯ ಹೆಂಚಿನ ಕೋಣೆಗಿಂತ ತಾರಸಿ ಇರುವ ಕೋಣೆ ಮೇಲು. ಟಾರ್ಚು, ಚಪ್ಪಲಿ ಮಂಚದ ಬುಡದಲ್ಲೇ ಇರಲಿ. ಕತ್ತಲಲ್ಲಿ ಹೊರಡಲೇಬೇಕಾದರೆ ತೋಡಿನ ಕಡೆ ಹೋಗಬೇಡಿ, ಕಾಲುಸಂಕ ದಾಟುವ ಸಾಹಸ ಖಂಡಿತಾ ಬೇಡ. ಸುತ್ತು ಬಳಸಿ ಆದರೂ ನೀರಿಲ್ಲದ ದಾರಿಯಲ್ಲಿ ಹೋಗಿ, ಆ ದಾರಿಯನ್ನು ಹಗಲಲ್ಲೇ ಒಮ್ಮೆ ನಡೆದು ನೋಡಿ. ಮತ್ತೆ, ರಾತ್ರಿ ಮರ ಬಿದ್ದ ಸದ್ದು ಕೇಳಿದ್ದರೆ ಬೆಳಗ್ಗೆ ಸೀದಾ ಅಂಗಳಕ್ಕೆ ಇಳಿಯಬೇಡಿ. ತಂತಿ ತುಂಡಾಗಿ ನೀರಿನಲ್ಲಿ ಬಿದ್ದಿರಬಹುದು. ಜಗಲಿಯಿಂದಲೇ ನೋಡಿ, ಕರೆಂಟಿನವರ 1912ಕ್ಕೆ ಫೋನು ಮಾಡಿ, ಲೈನ್‌ಮನ್ ಬಂದು ಹೇಳಿದ ಮೇಲೆ ಕಾಲಿಡಿ.