ಮಾತು ಹೋದರೆ ಬುದ್ಧಿ ಹೋಗುವುದಿಲ್ಲ

ಲಕ್ವ ಹೊಡೆದು ಬಲಗೈ ಸೋತು, ಮಾತು ಹೊರಡದೆ ಮಲಗಿದವರನ್ನು ನೋಡಲು ಬಂದವರು ಅವರೆದುರೇ "ಪಾಪ, ಬುದ್ಧಿನೇ ಹೋಗಿಬಿಟ್ಟಿದೆ" ಎಂದು ಮಾತಾಡಿಕೊಳ್ಳುತ್ತಾರೆ. ಮಲಗಿರುವವರಿಗೆ ಅದು ಕೇಳಿಸುತ್ತಿರುತ್ತದೆ, ಎಷ್ಟೋ ಸಲ ಪೂರ್ತಿ ಅರ್ಥವೂ ಆಗುತ್ತಿರುತ್ತದೆ. ಮಾತು ಬೇರೆ, ಬುದ್ಧಿ ಬೇರೆ ಎನ್ನುವುದಕ್ಕೆ 1861ರಷ್ಟು ಹಿಂದೆಯೇ ಒಳ್ಳೆಯ ಸಾಕ್ಷಿ ಸಿಕ್ಕಿದೆ. ಆದರೂ ನಮ್ಮ ಮನೆಗಳಲ್ಲಿ ಈ ಮಾತು ನಿಂತಿಲ್ಲ ಎಂಬುದು ನನಗೆ ನಿಜವಾಗಿ ಸಂಕಟದ ವಿಷಯ.

ಆ ಸಾಕ್ಷಿಯ ಹೆಸರು ಲೆಬೋರ್ನ್. ಪ್ಯಾರಿಸ್ ಬಳಿಯ ಬಿಸೆತ್ರ್ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಇದ್ದ ಆತ, ಏನು ಕೇಳಿದರೂ "ತಾನ್, ತಾನ್" ಎಂದಷ್ಟೇ ಹೇಳುತ್ತಿದ್ದ. ಅಲ್ಲಿಯವರು ಅದನ್ನೇ ಅವನ ಹೆಸರು ಮಾಡಿಬಿಟ್ಟಿದ್ದರು. ಬರಬರುತ್ತಾ ಬಲಗೈ, ಬಲಗಾಲು ಕೂಡ ಸೋತವು. 1861ರ ಏಪ್ರಿಲ್‌ನಲ್ಲಿ ಕಾಲು ಕೊಳೆತು ಜೀವಕ್ಕೇ ಬಂದಾಗ ಅವನನ್ನು ಶಸ್ತ್ರವೈದ್ಯ ಪಾಲ್ ಬ್ರೋಕಾನ ವಾರ್ಡಿಗೆ ತಂದರು. ಎಷ್ಟು ವರ್ಷದಿಂದ ಇಲ್ಲಿದ್ದೀಯಾ ಎಂದು ಬ್ರೋಕಾ ಕೇಳಿದ. ಲೆಬೋರ್ನ್ ಎಡಗೈಯ ಐದು ಬೆರಳನ್ನೂ ನಾಲ್ಕು ಸಲ ಬಿಡಿಸಿ ತೋರಿಸಿದ, ಆಮೇಲೆ ಒಂದು ಬೆರಳು. ಇಪ್ಪತ್ತೊಂದು. ಲೆಕ್ಕ ಸರಿಯಾಗಿತ್ತು. ಮಾರನೆಯ ದಿನ ಅದೇ ಪ್ರಶ್ನೆ, ಅದೇ ಉತ್ತರ. ಮತ್ತೊಮ್ಮೆ ಕೇಳಿದಾಗ ತನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆಂದು ಅವನಿಗೆ ಗೊತ್ತಾಗಿ ಸಿಟ್ಟು ಬಂತು, ಬಾಯಿಂದ ಒಂದು ಬೈಗುಳ ಹೊರಬಿತ್ತು! ಮಾತಾಡಬೇಕೆಂದರೆ ಬಾರದ ಪದ, ಸಿಟ್ಟಿನಲ್ಲಿ ತಾನಾಗಿ ಬಂತು. ಇಂದಿಗೂ ಇಂಥ ರೋಗಿಗಳಲ್ಲಿ ಬೈಗುಳ, ಎಣಿಕೆ, ಬಾಯಿಪಾಠದ ಹಾಡು ಉಳಿದಿರುವುದನ್ನು ವೈದ್ಯರು ಕಾಣುತ್ತಾರೆ.

ಏಪ್ರಿಲ್ 17ರಂದು ಲೆಬೋರ್ನ್ ತೀರಿಕೊಂಡ. ಮೆದುಳು ತೆಗೆದು ನೋಡಿದರೆ ಎಡಬದಿಯ ಮುಂಭಾಗದಲ್ಲಿ ಒಂದು ಕಡೆ ಹಾಳಾಗಿತ್ತು. ಅದೇ ವರ್ಷ ಲೆಲೋಂಗ್ ಎಂಬ 84ರ ಮುದುಕ ಬ್ರೋಕಾನ ಬಳಿಗೆ ಬಂದ. ಅವನಲ್ಲಿ ಉಳಿದಿದ್ದು ಐದೇ ಪದ. ಯಾವ ಸಂಖ್ಯೆ ಹೇಳಬೇಕಾದರೂ "ಮೂರು" ಎನ್ನುತ್ತಿದ್ದ. ಮಕ್ಕಳೆಷ್ಟು ಎಂದರೆ ಬಾಯಲ್ಲಿ "ಮೂರು", ಕೈಯಲ್ಲಿ ನಾಲ್ಕು ಬೆರಳು. ಬೆರಳೇ ನಿಜ ಹೇಳುತ್ತಿತ್ತು. ಅವನ ಮೆದುಳಿನಲ್ಲೂ ಪೆಟ್ಟಾಗಿದ್ದು ಹೆಚ್ಚುಕಡಿಮೆ ಅದೇ ಜಾಗಕ್ಕೆ.

ಇದು ಆ ಕಾಲಕ್ಕೆ ಏಕೆ ಸಿಡಿಲಿನಂಥ ಸುದ್ದಿಯಾಯಿತು ಎಂದು ತಿಳಿಯಲು ಜರ್ಮನ್ ವೈದ್ಯ ಫ್ರಾಂಜ್ ಗಾಲ್‌ನನ್ನು ನೆನೆಯಬೇಕು. ಮನಸ್ಸಿಗೆ 27 ಶಕ್ತಿಗಳು, ಒಂದೊಂದಕ್ಕೂ ಮೆದುಳಿನಲ್ಲಿ ಒಂದೊಂದು ಜಾಗ, ಶಕ್ತಿ ಹೆಚ್ಚಾದ ಕಡೆ ತಲೆಬುರುಡೆ ಉಬ್ಬುತ್ತದೆ ಎಂದಿದ್ದ ಅವನು. ಬುರುಡೆ ಸವರಿ ಭವಿಷ್ಯ ಹೇಳುವ ಕಸುಬು ಯುರೋಪು, ಅಮೆರಿಕಗಳಲ್ಲಿ ಹಬ್ಬಿತು. ಅದನ್ನು ಕಂಡು ಬೇಸತ್ತ ಪಂಡಿತರು ಇನ್ನೊಂದು ತುದಿಗೆ ಹೋದರು. ಫ್ಲೂರಾನ್ಸ್ ಎಂಬ ಫ್ರೆಂಚ್ ವಿಜ್ಞಾನಿ ಹಕ್ಕಿಗಳ ಮೆದುಳನ್ನು ಕೊಯ್ದು ನೋಡಿ, ದೊಡ್ಡ ಮೆದುಳಿನಲ್ಲಿ ಯಾವ ವಿಂಗಡಣೆಯೂ ಇಲ್ಲ, ಅದು ಒಟ್ಟಾಗಿಯೇ ಕೆಲಸ ಮಾಡುತ್ತದೆ ಎಂದು ಸಾರಿದ. ಬುರುಡೆಯ ವಿಷಯದಲ್ಲಿ ಗಾಲ್ ಹೇಳಿದ್ದು ಶುದ್ಧ ತಪ್ಪು. ಆದರೆ ಬೇರೆ ಕೆಲಸಕ್ಕೆ ಬೇರೆ ಜಾಗ ಎಂಬ ಅವನ ಮೂಲ ಊಹೆಗೆ ಮೊದಲ ಗಟ್ಟಿ ಆಧಾರ ಬಂದಿದ್ದು ಲೆಬೋರ್ನ್‌ನಿಂದ. 1874ರಲ್ಲಿ ಕಾರ್ಲ್ ವೆರ್ನಿಕೆ ಎಂಬ 26ರ ಜರ್ಮನ್ ವೈದ್ಯ ಇದರ ತದ್ವಿರುದ್ಧ ರೋಗಿಗಳನ್ನು ವಿವರಿಸಿದ. ಇವರ ಮಾತು ಸರಾಗವಾಗಿ ಹರಿಯುತ್ತದೆ, ಆದರೆ ಅರ್ಥವಿರುವುದಿಲ್ಲ. ಇತರರ ಮಾತೂ ತಿಳಿಯುವುದಿಲ್ಲ. ಇಲ್ಲಿ ಪೆಟ್ಟು ಬಿದ್ದಿದ್ದು ಎಡ ಕಿವಿಯ ಮೇಲುಗಡೆಯ ಭಾಗಕ್ಕೆ.

ಈ ತದ್ವಿರುದ್ಧ ಎಂಬುದರಲ್ಲೇ ನರಮನೋವಿಜ್ಞಾನದ, ಅಂದರೆ ಮೆದುಳಿಗೂ ಮನಸ್ಸಿಗೂ ಇರುವ ನಂಟನ್ನು ಹುಡುಕುವ ವಿದ್ಯೆಯ, ಜೀವಾಳವಿದೆ, ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವೋಲ್ಟೇಜ್ ಕಡಿಮೆಯಾದ ಸಂಜೆ ಮನೆಯಲ್ಲಿ ಮಿಕ್ಸಿ ತಿರುಗುವುದಿಲ್ಲ, ಬಲ್ಬು ಮಾತ್ರ ಮಂಕಾಗಿ ಉರಿಯುತ್ತಿರುತ್ತದೆ. ಇಷ್ಟರಿಂದಲೇ ಮಿಕ್ಸಿಗೂ ಬಲ್ಬಿಗೂ ಬೇರೆ ಬೇರೆ ಲೈನು ಎಳೆದಿದ್ದಾರೆ ಎನ್ನಲಾಗದು. ಮಿಕ್ಸಿಗೆ ಹೆಚ್ಚು ಕರೆಂಟು ಬೇಕು, ಅದಕ್ಕೇ ಮೊದಲು ನಿಂತಿತು. ಆದರೆ ಅದೇ ರೀತಿ ವೈರಿಂಗ್ ಮಾಡಿದ ಪಕ್ಕದ ಮನೆಯಲ್ಲಿ ಒಳ್ಳೆಯ ಬಲ್ಬು ಹತ್ತದೆ, ಮಿಕ್ಸಿ ಜೋರಾಗಿ ತಿರುಗುತ್ತಿದ್ದರೆ? ಆಗ 'ಕಷ್ಟದ ಕೆಲಸ ಮೊದಲು ನಿಂತಿತು' ಎಂಬ ವಾದ ಬಿದ್ದುಹೋಗುತ್ತದೆ. ಲೈನುಗಳು ಬೇರೆ ಎನ್ನಲೇಬೇಕಾಗುತ್ತದೆ. ಒಬ್ಬ ರೋಗಿಯಲ್ಲಿ ಮೊದಲನೆಯ ಸಾಮರ್ಥ್ಯ ಹೋಗಿ ಎರಡನೆಯದು ಉಳಿಯಬೇಕು, ಇನ್ನೊಬ್ಬನಲ್ಲಿ ಎರಡನೆಯದು ಹೋಗಿ ಮೊದಲನೆಯದು ಉಳಿಯಬೇಕು. ಈ ಇಬ್ಬಗೆಯ ಬೇರ್ಪಡಿಕೆಗೆ (ಡಬಲ್ ಡಿಸೋಸಿಯೇಶನ್) 1955ರಲ್ಲಿ ಹೆಸರಿಟ್ಟವನು ಮನೋವಿಜ್ಞಾನಿ ಹಾನ್ಸ್-ಲೂಕಾಸ್ ಟ್ಯೂಬರ್.

ನೆನಪಿನ ವಿಷಯದಲ್ಲಿ ಇದು ಮಾಡಿದ ಕೆಲಸ ನೋಡಿ. ಅಮೆರಿಕದ ಹೆನ್ರಿ ಮೊಲೈಸನ್‌ಗೆ ತಡೆಯಲಾರದ ಫಿಟ್ಸ್. 1953ರಲ್ಲಿ, ಅವನ 27ನೇ ವಯಸ್ಸಿನಲ್ಲಿ, ಮೆದುಳಿನ ಎರಡೂ ಬದಿಯಲ್ಲಿ ಹಿಪೊಕ್ಯಾಂಪಸ್ ಎಂಬ ಒಳಭಾಗದ ದೊಡ್ಡ ಪಾಲನ್ನು ಶಸ್ತ್ರವೈದ್ಯರು ತೆಗೆದರು. ಫಿಟ್ಸ್ ಕಡಿಮೆಯಾಯಿತು, ಆದರೆ ಅಂದಿನಿಂದ ಹೊಸ ಸಂಗತಿ ಹೆಚ್ಚುಕಡಿಮೆ ಯಾವುದೂ ಮನಸ್ಸಿನಲ್ಲಿ ನಿಲ್ಲಲಿಲ್ಲ. ವರ್ಷಗಟ್ಟಲೆ ಅವನನ್ನು ಅಭ್ಯಾಸ ಮಾಡಿದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಪ್ರತಿ ಸಲವೂ ಅವನಿಗೆ ಹೊಸಬರೇ. ಆದರೂ ಆಗಷ್ಟೇ ಹೇಳಿದ ಅಂಕಿಗಳನ್ನು ಎಲ್ಲರಂತೆ ತಿರುಗಿ ಹೇಳುತ್ತಿದ್ದ. 1970ರಲ್ಲಿ ಲಂಡನ್ನಿನ ಷಾಲಿಸ್ ಮತ್ತು ವಾರಿಂಗ್ಟನ್ ವಿವರಿಸಿದ ರೋಗಿಯದು ಇದಕ್ಕೆ ಸರಿಯಾಗಿ ಉಲ್ಟಾ. ಅವನಿಗೆ ಕೇಳಿದ ಎರಡು ಅಂಕಿ ತಿರುಗಿ ಹೇಳುವುದೂ ಕಷ್ಟ, ಪದಗಳ ಪಟ್ಟಿಯನ್ನು ಕಲಿತು ನೆನಪಿಟ್ಟುಕೊಳ್ಳುವುದು ಮಾತ್ರ ಸಲೀಸು. ಕ್ಷಣದ ನೆನಪೆಂಬ ಬಾಗಿಲು ದಾಟಿಯೇ ಎಲ್ಲವೂ ದೀರ್ಘ ನೆನಪಿಗೆ ಹೋಗಬೇಕೆಂದು ಪುಸ್ತಕಗಳು ಬರೆದಿದ್ದವು. ಬಾಗಿಲೇ ಕೆಟ್ಟವನು ಕಲಿಯುತ್ತಿದ್ದಾನಲ್ಲ! ಒಬ್ಬ ರೋಗಿಯಿಂದ ಒಂದು ಸಿದ್ಧಾಂತವನ್ನೇ ತಿದ್ದಬೇಕಾಗಿ ಬರುವ ಈ ವಿಜ್ಞಾನ ನನಗೆ ಎಂದೂ ಹಳತೆನಿಸಿಲ್ಲ.

ಹಾಗೆಂದು ಮೆದುಳಿನ ನಕ್ಷೆಯಲ್ಲಿ 'ಮಾತು ಇಲ್ಲಿ' ಎಂದು ಚುಕ್ಕಿ ಇಡುವುದೂ ತಪ್ಪು. ಜೋಪಾನವಾಗಿ ಉಳಿಸಿದ್ದ ಲೆಬೋರ್ನ್‌ನ ಮೆದುಳನ್ನು ಎಂಆರ್‌ಐ ಮಾಡಿದಾಗ ಪೆಟ್ಟು ಬ್ರೋಕಾ ಕಂಡಿದ್ದಕ್ಕಿಂತ ಬಹಳ ಆಳಕ್ಕೆ, ಭಾಗಗಳನ್ನು ಬೆಸೆಯುವ ನರತಂತುಗಳವರೆಗೆ ಹೋಗಿತ್ತೆಂದು 2007ರಲ್ಲಿ ಪ್ರಕಟವಾಯಿತು. ಎರಡನೇ ಮಹಾಯುದ್ಧದಲ್ಲಿ ತಲೆಗೆ ಗಾಯವಾದ ಸೋವಿಯತ್ ಸೈನಿಕರ ನಡುವೆ ಕೆಲಸ ಮಾಡಿದ ಅಲೆಕ್ಸಾಂಡರ್ ಲೂರಿಯಾ, ಓದು ಬರಹದಂಥ ಕೆಲಸ ಹಲವು ಭಾಗಗಳು ಕೂಡಿಯೇ ಆಗುವುದೆಂದು ಮೊದಲೇ ಹೇಳಿದ್ದ.

ಇಷ್ಟೆಲ್ಲ ಸೂಕ್ಷ್ಮವಾಗಿ ಕಟ್ಟಿದ ವಿದ್ಯೆಯ ಹೆಸರಿನಲ್ಲಿ ಇಂದು ಮಾರಾಟವಾಗುವುದೇನು? ಅಮೆರಿಕದ ವಿಜ್ಞಾನಿ ರೋಜರ್ ಸ್ಪೆರಿಗೆ 1981ರಲ್ಲಿ ನೊಬೆಲ್ ತಂದ ಅಧ್ಯಯನ, ಫಿಟ್ಸ್ ಹತೋಟಿಗೆಂದು ಮೆದುಳಿನ ಎರಡು ಅರ್ಧಗಳ ನಡುವಿನ ಸೇತುವೆಯನ್ನು ಕತ್ತರಿಸಿಕೊಂಡ ರೋಗಿಗಳದ್ದು. ಅದನ್ನು ಎಳೆದಾಡಿ 'ನಿಮ್ಮ ಮಗ ಬಲಮೆದುಳಿನವನು' ಎನ್ನುತ್ತಾರೆ. ಮಕ್ಕಳ ನಡುಮೆದುಳನ್ನು ಚುರುಕು ಮಾಡುತ್ತೇವೆ ಎನ್ನುವ 'ಮಿಡ್‌ಬ್ರೇನ್ ಆ್ಯಕ್ಟಿವೇಶನ್' ಅಂತೂ ಗಾಲ್‌ನ ಬುರುಡೆ ವಿದ್ಯೆಗಿಂತ ಕೆಟ್ಟದ್ದು. ಕಣ್ಣಿಗೆ ಬಟ್ಟೆ ಕಟ್ಟಿದ ಮಗು ಪುಸ್ತಕ ಓದುತ್ತದೆಂದು ಸಾವಿರಾರು ರೂಪಾಯಿ ಕೀಳುತ್ತಾರೆ. ಮಗು ನೋಡುವುದು ಮೂಗಿನ ಪಕ್ಕದ ಸಂದಿಯಿಂದ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಬಯಲಿಗೆಳೆಯುತ್ತಲೇ ಬಂದಿದ್ದಾರೆ. ಮಗುವಿನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಪಾಪೆ ಸಣ್ಣದಾಗುತ್ತದೆ. ಅದು ನಡುಮೆದುಳಿನದೇ ಕೆಲಸ, ಹುಟ್ಟಿದಂದಿನಿಂದ ನಡೆಯುತ್ತಿದೆ.

ನೆನಪಿನ ಬಗ್ಗೆ ನಿಜವಾಗಿ ಚಿಂತೆಯಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಮನೋವೈಜ್ಞಾನಿಕ ಪರೀಕ್ಷೆಗಳಿವೆ. ಅವುಗಳಲ್ಲಿ ಒಂದರಲ್ಲಿ 15 ಪದಗಳ ಪಟ್ಟಿಯನ್ನು ಐದು ಸಲ ಓದಿ ಹೇಳಿಸುತ್ತಾರೆ, ನಡುವೆ ಬೇರೊಂದು ಪಟ್ಟಿ ಕೊಡುತ್ತಾರೆ, ಸ್ವಲ್ಪ ಹೊತ್ತು ಬಿಟ್ಟು ಮೊದಲಿನದನ್ನು ಮತ್ತೆ ಕೇಳುತ್ತಾರೆ. ತಾನಾಗಿ ನೆನಪಾಗದ ಪದವನ್ನು ಬೇರೆ ಪದಗಳ ನಡುವೆ ಇಟ್ಟಾಗ ಗುರುತು ಹಿಡಿದರೆ ಅದು ಒಳಗೆ ಸೇರಿದೆ, ತೊಡಕಿರುವುದು ಹೊರತೆಗೆಯುವಲ್ಲಿ. ಗುರುತೂ ಸಿಗದಿದ್ದರೆ ಅದು ಒಳಗೆ ನಿಂತೇ ಇಲ್ಲ ಎಂದು ಅನುಮಾನಿಸಬೇಕಾಗುತ್ತದೆ, ಮುಂದಿನ ತಪಾಸಣೆಯ ದಾರಿಯೂ ಅದರಂತೆ ಬದಲಾಗುತ್ತದೆ.